ಎರಡು ಜಗ್ಗು

ನಮ್ಮೂರಿನಲ್ಲಿ ನೀರಿನ ಪಾತ್ರೆಯನ್ನು ಮೊದಲು ಒಲೆಯ ಮೇಲಿಟ್ಟು, ಮುಚ್ಚಳ ಮುಚ್ಚಿ, ಆಮೇಲೆ ಕಡ್ಡಿ ಗೀರುತ್ತಾರೆ. ಉರಿಯುವ ಒಲೆಯ ಹತ್ತಿರ ತೆರೆದ ಚೊಂಬು ಹಿಡಿದುಕೊಂಡು ಹೋದಿರೋ, ನೀರು ಎದ್ದು ನಿಮ್ಮ ಮೈಮೇಲೆಯೇ ಬೀಳುತ್ತದೆ. ಇಲ್ಲಿನ ನೀರಿಗೆ ಬೆಂಕಿ ಕಂಡರೆ ಭಯ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ತಿಂಗಳು ದಿನಕ್ಕೆ ಮೂರು ಸೀರೆ ಬದಲಾಯಿಸುತ್ತಾರೆ. ನಾನೂ ಹಾಗೆ ಬಂದವಳೇ. ಸಾರು ಗಟ್ಟಿಯಾಯಿತೆಂದು ಅರ್ಧ ಲೋಟ ನೀರು ಸುರಿಯಲು ಹೋಗಿ, ಅದು ಹಾರಿ ನನ್ನ ಮುಖಕ್ಕೆ ರಾಚಿದಾಗ ನಮ್ಮತ್ತೆ ಬಾಗಿಲಲ್ಲಿ ನಿಂತು ನಕ್ಕಿದ್ದು ಇವತ್ತಿಗೂ ನೆನಪಿದೆ. ಸಾರು ಗಟ್ಟಿಯಾದರೆ ಗಟ್ಟಿಯಾಗಿಯೇ ಉಣ್ಣಬೇಕು, ಅಷ್ಟೇ.

ಇಂಥ ಊರಿಗೆ ಬೆಂಕಿ ಆರಿಸುವ ಲಾರಿ ಯಾಕೆ ಎಂದು ಹೊರಗಿನವರು ಕೇಳುತ್ತಾರೆ. ಇಂಥ ಊರಿಗೇ ಅಲ್ಲವೇ ಬೇಕಾದ್ದು? ಬಾವಿಯಿಂದ ಸೇದಿ ಎರಚಿದರೆ ನಿಲ್ಲುವ ನೀರಲ್ಲ ನಮ್ಮದು. ಲಾರಿಯ ಟ್ಯಾಂಕಿನಲ್ಲಿರುವುದು ಪಳಗಿದ ನೀರು. ಪಳಗಿಸುವವಳು ನಾನು, ದಾಕ್ಷಾಯಿಣಿ. ದಿನಾ ಸಂಜೆ ನಾಲ್ಕಕ್ಕೆ ಟ್ಯಾಂಕಿನ ಮುಚ್ಚಳ ತೆಗೆದು, ಮೊದಲ ವಾರ ಬರೀ ಊದುಬತ್ತಿಯ ಕಿಡಿ ತೋರಿಸುತ್ತೇನೆ. ಆಮೇಲೆ ಎಣ್ಣೆ ದೀಪ, ಆಮೇಲೆ ಪಂಜು. ನಲವತ್ತೆಂಟು ದಿನ ಹೀಗೆ ತೋರಿಸಿದರೆ ನೀರು ಹೆದರುವುದನ್ನು ಬಿಡುತ್ತದೆ. ಟ್ಯಾಂಕು ಇಳಿದರೆ ಒಂದು ಸಲಕ್ಕೆ ಐದು ಕೊಡಕ್ಕಿಂತ ಹೆಚ್ಚು ಹೊಸ ನೀರು ಸೇರಿಸಬಾರದು. ಹಳೆಯ ನೀರು ಹೊಸದಕ್ಕೆ ಧೈರ್ಯ ಹೇಳಿಕೊಡುತ್ತದೆ, ಆದರೆ ಹೊಸಬರು ಹೆಚ್ಚಾದರೆ ಹಳಬರೂ ಕೆಡುತ್ತಾರೆ. ನಮ್ಮ ಲಾರಿಯ ನೀರಿಗೆ ಆಗ ಹನ್ನೊಂದು ವರ್ಷ ವಯಸ್ಸು. ಪಂಜು ಹಿಡಿದರೆ ಅದು ಅಲುಗಾಡುತ್ತಲೂ ಇರಲಿಲ್ಲ.

ಲಾರಿಗೆ ನಾವು ನಾಲ್ಕು ಜನ. ಹೊನ್ನಯ್ಯನವರು ಯಜಮಾನರು, ಅರವತ್ತಕ್ಕೆ ಹತ್ತಿರ, ಮಾತು ಕಡಿಮೆ. ಪೈಪಿನ ಮೂತಿ ಹಿಡಿದು ಮುಂದೆ ಹೋಗುವವನು ಶಿವನಂಜ, ನನ್ನ ಗಂಡ. ನಡುವೆ ಪೈಪಿನುದ್ದಕ್ಕೂ ಓಡಾಡುವವನು ಖಾದರ್. ಅವನ ಕೆಲಸ ಮಡಿಕೆ ಬಿಡಿಸುವುದು. ಪೈಪು ಎಲ್ಲಿ ಮಡಿಚಿಕೊಂಡರೂ ನೀರಿಗೆ ವಾಪಸ್ಸು ಹೋಗಲು ಒಂದು ನೆಪ ಸಿಕ್ಕ ಹಾಗೆ. ಆದ್ದರಿಂದ ಖಾದರ್ ಬಾಗಿಲ ಮೂಲೆ, ಮೆಟ್ಟಿಲ ತಿರುವು, ಚರಂಡಿಯ ಕಲ್ಲು, ಎಲ್ಲ ಕಡೆ ಪೈಪನ್ನು ಮಗುವಿನ ಕತ್ತಿನ ಹಾಗೆ ಎತ್ತಿ ಹಿಡಿದು ದಾಟಿಸುತ್ತಾನೆ. ಲಾರಿ ಓಡಿಸುವವಳು, ಪಂಪಿನ ಹತ್ತಿರ ನಿಲ್ಲುವವಳು ನಾನು. ಊರಿನವರು ಮೂತಿ ಹಿಡಿದವನಿಗೆ ಮಾತ್ರ ಹಾರ ಹಾಕುತ್ತಾರೆ. ಹಾಕಲಿ ಬಿಡಿ. ಹೊಗೆಯೊಳಗೆ ಹೋದವನಿಗೆ ಹಿಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ, ಕೂಗಿದರೆ ಕೇಳುವುದೂ ಇಲ್ಲ. ಅವನಿಗೂ ನನಗೂ ನಡುವೆ ಇರುವುದು ಆ ಪೈಪೊಂದೇ. ಎರಡು ಸಲ ಜಗ್ಗಿದರೆ ನೀರು ಬಿಡು ಎಂದು, ಒಂದು ಸಲ ಜಗ್ಗಿದರೆ ನಿಲ್ಲಿಸು ಎಂದು. ನನ್ನ ಕಡೆಯಿಂದ ಒಂದು ಜಗ್ಗು ಹೋದರೆ, ಏನಿದ್ದರೂ ಬಿಟ್ಟು ಹೊರಗೆ ಬಾ ಎಂದು. ಇದು ಮನೆಗೂ ಅಂಟಿಕೊಂಡುಬಿಟ್ಟಿತ್ತು. ಊಟಕ್ಕೆ ಕೂತಾಗ ಶಿವನಂಜ ಬಾಯಿಬಿಟ್ಟು ನೀರು ಕೇಳಿದವನಲ್ಲ. ನನ್ನ ಸೆರಗನ್ನು ಎರಡು ಸಲ ಜಗ್ಗುತ್ತಿದ್ದ. ಕೈಯಿಲ್ಲವಾ ನಿಂಗೆ, ಎದ್ದು ತಗೋ ಎಂದು ಗೊಣಗುತ್ತಲೇ ಕೊಡುತ್ತಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮುಚ್ಚಿಟ್ಟು ಹೇಳಿದರೆ ಈ ಕಥೆ ಹೇಳಿ ಉಪಯೋಗವಿಲ್ಲ.

ಕಂಚುಗಾರರ ಬೀದಿಯ ಸರ್ವಮಂಗಳಕ್ಕನ ಮಗಳ ಮದುವೆ. ಆ ದಿನ ಬೆಳಿಗ್ಗೆ ಆರೂವರೆಗೆ ಆಕೆ ನಮ್ಮ ಲಾರಿ ನಿಲ್ಲುವ ಠಾಣೆಗೆ ಓಡಿ ಬಂದಳು. ತಲೆಗೆ ಎಣ್ಣೆ ಹಚ್ಚಿಕೊಂಡವಳು ಹಾಗೆಯೇ ಬಂದಿದ್ದಳು. ಠಾಣೆಯಲ್ಲಿ ಇದ್ದವಳು ನಾನೊಬ್ಬಳೇ.

"ದಾಕ್ಷಿ, ಬೋರ್‌ವೆಲ್ ಮೋಟ್ರು ಸುಟ್ಟೋಗೈತೆ ಕಣೇ. ನಾನೂರು ಎಲೆ ಬೀಳ್ತವೆ ಮಧ್ಯಾಹ್ನ. ಅಡಿಗೆಯವ್ರು ಕೈ ಕಟ್ಕೊಂಡು ಕುಂತವ್ರೆ."

"ಠಾಣೆ ಬಾವಿ ಐತಲ್ಲ, ಸೇದ್ಕೊಂಡು ಹೋಗಿ."

"ಬಾವಿ ನೀರು ಬೇಡಮ್ಮ. ನಿಮ್ಮ ಟ್ಯಾಂಕಿನ ನೀರು ಕೊಡು. ಅದಾದ್ರೆ ಉರಿಯೋ ಒಲೆ ಮ್ಯಾಲೆ ಸುರಿದ್ರೂ ಸುಮ್ಕಿರ್ತದೆ ಅಂತಾರೆ. ಎಂಟು ಒಲೆ ಆರ್ಸಿ ಆರ್ಸಿ ಅಡಿಗೆ ಮಾಡಿದ್ರೆ ಮುಹೂರ್ತಕ್ಕೆ ಅನ್ನ ಆದಾತಾ? ನಿನ್ನ ಕೈಯ್ಯಾಗೆ ಪಳಗಿದ್ದು ನೀರು. ಊರಿಗೆಲ್ಲ ಗೊತ್ತು."

ಆ ಕೊನೆಯ ಮಾತಿಗೆ ನಾನು ಬಿದ್ದೆ. ಹನ್ನೊಂದು ವರ್ಷ ನಾನು ಪಳಗಿಸಿದ ನೀರನ್ನು ಯಾರೂ ಹೊಗಳಿರಲಿಲ್ಲ. ಬೆಂಕಿ ನಂದಿಸಿದ್ದನ್ನು ಹೊಗಳಿದ್ದರು, ನೀರನ್ನಲ್ಲ. ಕೊನೆಯ ಸಲ ಲಾರಿ ಹೊರಟಿದ್ದು ಯಾರದೋ ಹುಲ್ಲಿನ ಬಣವೆಗೆ, ಅದೂ ಎರಡು ವರ್ಷದ ಹಿಂದೆ. ಇವತ್ತೇ ಊರಿಗೆ ಬೆಂಕಿ ಬೀಳುತ್ತದೆಯೇ ಎಂದುಕೊಂಡು ಲಾರಿಯನ್ನು ಮದುವೆ ಮನೆಯ ಹಿತ್ತಿಲಿಗೆ ಓಡಿಸಿದೆ. ಅಡಿಗೆಯವರ ಹಂಡೆ, ಕೊಪ್ಪರಿಗೆ, ಡ್ರಮ್ಮು, ಎಲ್ಲ ತುಂಬಿಸಿಕೊಟ್ಟೆ. ಟ್ಯಾಂಕಿನ ತಳ ಕಂಡಿತು. ವಾಪಸ್ಸು ಬಂದು ಠಾಣೆಯ ಬಾವಿಯಿಂದ ಒಂದೇ ಗಂಟೆಯಲ್ಲಿ ಟ್ಯಾಂಕನ್ನು ಪಳಗದ ಹಸಿ ನೀರಿನಿಂದ ತುಂಬಿಸಿಟ್ಟೆ. ನಾಳೆಯಿಂದ ಊದುಬತ್ತಿ ಹಿಡಿದರಾಯಿತು, ಯಾರಿಗೂ ಹೇಳುವುದೇನಿದೆ ಎಂದುಕೊಂಡೆ. ಹೇಳಲಿಲ್ಲ.

ಮದುವೆಗೆ ನಾವು ನಾಲ್ವರೂ ಹೋಗಿದ್ದೆವು, ಲಾರಿಯನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿಕೊಂಡು. ಉರಿಯುವ ಒಲೆಯ ಮೇಲಿನ ಕೊಪ್ಪರಿಗೆಗೆ ಅಡಿಗೆಭಟ್ಟರು ಕೊಡದಿಂದ ನೀರು ಸುರಿಯುವುದನ್ನು ನೋಡಲು ಜನ ಸೇರಿದ್ದರು. ನಾನು ನಮ್ಮ ಮೂವರು ಗಂಡಸರನ್ನೂ ಆ ಕಡೆಗೆ ಬಿಡದೆ ಪಂಕ್ತಿಯಲ್ಲಿ ಕೂರಿಸಿದೆ. ಶಿವನಂಜ ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಹೊರಗಡೆ ಯಾರೋ ಕಿರುಚಿದರು. ಎರಡು ಬೀದಿಯಾಚೆ, ಶಾಮಿಯಾನದ ಗಂಗಣ್ಣನ ಗೋದಾಮಿನ ಮೇಲೆ ಕಪ್ಪು ಹೊಗೆ ಎದ್ದಿತ್ತು.

ನಾಲ್ವರೂ ಎಲೆ ಬಿಟ್ಟು ಓಡಿದೆವು. ನಾನು ಲಾರಿ ಹೊರಡಿಸಿದೆ. ಪಕ್ಕದಲ್ಲಿ ಶಿವನಂಜ ರೇಷ್ಮೆ ಪಂಚೆಯ ಮೇಲೆಯೇ ಬೆಲ್ಟು ಬಿಗಿಯುತ್ತಿದ್ದ. ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿದ ಹಾಗಾಗುತ್ತಿತ್ತು.

"ಏನು, ಮಾತೇ ಇಲ್ಲ?" ಎಂದ.

"ಏನಿಲ್ಲ" ಎಂದೆ. ಒಂದೊಂದು ಸಲ ಹಸಿ ನೀರೂ ನಿಲ್ಲುವುದುಂಟು, ಹಿಂದೆ ಯಾವಾಗಲೋ ನಿಂತಿತ್ತಂತೆ, ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಗೋದಾಮು ಬಂತು.

ಕೆಳಗೆ ಗೋದಾಮು: ಹಾಸಿಗೆ, ದಿಂಬು, ಶಾಮಿಯಾನದ ಬಟ್ಟೆ, ಬೊಂಬು. ಅಷ್ಟೂ ಹೊತ್ತಿಕೊಂಡು ಉರಿಯುತ್ತಿತ್ತು. ಮೇಲಿನ ಕೋಣೆಯಲ್ಲಿ ಹರಿದ ಶಾಮಿಯಾನ ಹೊಲಿಯುವ ರೇವಕ್ಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಕಿಟಕಿಗೆ ಹೆಬ್ಬೆರಳು ಗಾತ್ರದ ಕಬ್ಬಿಣದ ಸರಳುಗಳು. ಏಣಿ ಹಾಕಿ ಪ್ರಯೋಜನವಿಲ್ಲ. ಮೇಲಕ್ಕೆ ಹೋಗಲು ಇದ್ದದ್ದು ಗೋದಾಮಿನ ಒಳಗಿನ ಮೆಟ್ಟಿಲೊಂದೇ.

"ರೇವಕ್ಕ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಕಿಟಕಿ ಕೆಳಗೆ ನೆಲಕ್ಕೆ ಮಲಗು!" ಎಂದು ಹೊನ್ನಯ್ಯನವರು ಕೂಗಿದರು.

"ಬಟ್ಟೆಗೇನು ಬರ ಇಲ್ಲಿ! ಬೇಗ ಬನ್ರಪ್ಪ!" ಎಂದು ಮೇಲಿನಿಂದ ಕೆಮ್ಮು ಬಂತು.

ಖಾದರ್ ಮೂರು ತುಂಡು ಪೈಪು ಜೋಡಿಸಿ ಬಾಗಿಲವರೆಗೆ ಹಾಸಿದ. ಶಿವನಂಜ ಮೂತಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಮಂಡಿಯೂರಿ ಹೊಗೆಯ ಕೆಳಗೆ ತೂರಿದ. ಪೈಪು ಎರಡು ಸಲ ಜಗ್ಗಿತು. ನಾನು ತಿರುಪು ತೆಗೆದೆ.

ನೀರು ಹೋಯಿತು. ಪೈಪು ಉಬ್ಬುತ್ತಾ ಉಬ್ಬುತ್ತಾ ಅಂಗಳ ದಾಟಿತು, ಹೊಸ್ತಿಲು ಮುಟ್ಟಿತು. ಅಲ್ಲಿ ನಿಂತಿತು. ಆಮೇಲೆ ಆ ಉಬ್ಬು ಬಂದ ದಾರಿಯಲ್ಲೇ ತಿರುಗಿ ನನ್ನ ಕಡೆಗೆ ಓಡಿ ಬಂದು ಟ್ಯಾಂಕಿನೊಳಗೆ ಗುಳುಗುಳು ಎಂದು ಬಿತ್ತು. ಪೈಪು ಚಪ್ಪಟೆಯಾಗಿ ನೆಲಕ್ಕೆ ಅಂಟಿತು.

"ಮಡಿಕೆ ನೋಡೋ!" ಎಂದು ಹೊನ್ನಯ್ಯನವರು ಕೂಗಿದರು. ಖಾದರ್ ಬಾಗಿಲಿನಿಂದ ಲಾರಿಯವರೆಗೆ ಓಡಿ ಬಂದ. ಎಲ್ಲಿಯೂ ಮಡಿಕೆಯಿರಲಿಲ್ಲ. ಒಳಗಿನಿಂದ ಮತ್ತೆ ಎರಡು ಜಗ್ಗು ಬಂತು. ಕೂಡಲೇ ಪೈಪು ಒಳಗಡೆಗೆ ಇನ್ನೂ ಒಂದು ಮಾರು ಜರುಗಿತು. ಶಿವನಂಜ ನೀರಿಗೆ ಕಾಯದೆ ಮುಂದಕ್ಕೆ ಹೋಗುತ್ತಿದ್ದ. ಹನ್ನೊಂದು ವರ್ಷ ಎರಡು ಜಗ್ಗಿಗೆ ನೀರು ಬರದೆ ಇದ್ದದ್ದೇ ಇಲ್ಲ. ಬರುತ್ತದೆ ಎಂದುಕೊಂಡೇ ಅವನು ಮುಂದೆ ಹೋಗುತ್ತಿದ್ದ.

ಪೈಪು ಮತ್ತೆ ಅರ್ಧ ಮಾರು ಜರುಗಿತು. ಎರಡೂ ಕೈಯಿಂದ ಪೈಪು ಹಿಡಿದು, ಕಾಲು ಊರಿ, ಒಂದೇ ಸಲ ಜಗ್ಗಿದೆ.

ಅವನು ಹೊರಗೆ ಬಂದ. ಹುಬ್ಬು ಸುಟ್ಟಿತ್ತು, ಕಣ್ಣು ಕೆಂಡವಾಗಿತ್ತು. "ಇನ್ನು ನಾಲ್ಕೇ ಹೆಜ್ಜೆ ಇತ್ತು ಮೆಟ್ಲಿಗೆ! ಯಾಕೆ ಕರದೆ?"

"ಟ್ಯಾಂಕಲ್ಲಿರೋದು ಹಸಿ ನೀರು" ಎಂದೆ. ಮದುವೆ ಮನೆಯ ಜನವೆಲ್ಲ ಅಲ್ಲಿ ಬಂದು ನಿಂತಿತ್ತು. ಎಲ್ಲರಿಗೂ ಕೇಳಿಸಿತು. "ಪಳಗಿದ್ದ ನೀರನ್ನ ಬೆಳಿಗ್ಗೆ ಮದುವೆಗೆ ಕೊಟ್ಬಿಟ್ಟೆ. ಬಾವಿದು ತುಂಬ್ಸಿಟ್ಟೆ. ಹೇಳ್ಲಿಲ್ಲ."

ಶಿವನಂಜ ನನ್ನನ್ನು ನೋಡಿದ. ಸಿಟ್ಟು ಹೋಗಿ ಮುಖದಲ್ಲಿ ಬೇರೇನೋ ಬಂತು. "ನಾನು ಒಳಗಿದ್ನಲ್ಲ ದಾಕ್ಷಿ" ಎಂದ, ಮೆಲ್ಲಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊನ್ನಯ್ಯನವರು ನಡುವೆ ಬಂದು ನಿಂತರು. "ಬಯ್ಯೋದೆಲ್ಲ ಆಮೇಲೆ. ಮಂಗಳಕ್ಕ, ಆ ನೀರು ಎಷ್ಟು ಉಳಿದೈತೆ ಮನೇಲಿ?"

ಸರ್ವಮಂಗಳಕ್ಕ ಅಳುತ್ತಿದ್ದಳು. "ಎಲ್ಲಿ ಉಳಿದೈತೆ ಸ್ವಾಮಿ! ಅನ್ನಕ್ಕಾಯ್ತು, ಸಾರಿಗಾಯ್ತು, ಅಳಿಯಂದ್ರ ಕಾಲು ತೊಳ್ದಾಯ್ತು. ಪಾನಕ ಒಂದು ಐತೆ ನೋಡಿ. ಎರಡು ಕೊಪ್ಪರಿಗೆ. ಮೆರವಣಿಗೆಗೆ ಅಂತ ಮಾಡಿಟ್ಟಿದ್ದು."

ಹೊನ್ನಯ್ಯನವರು ಅರೆಗಳಿಗೆ ಯೋಚಿಸಿದರು. "ಬೆಲ್ಲ ಹಾಕಿದ್ರೆ ಧೈರ್ಯ ಹೋಗ್ತದಾ ದಾಕ್ಷಿ?"

"ಗೊತ್ತಿಲ್ಲ" ಎಂದೆ. ಆ ದಿನ ನಾನು ಆಡಿದ ಅತ್ಯಂತ ನಿಜವಾದ ಮಾತು ಅದು.

"ತನ್ನಿ."

ಇಡೀ ಮದುವೆಯೇ ಓಡಿತು. ಬೀಗರು, ಅಡಿಗೆಭಟ್ಟರು, ಓಲಗದವರು, ಎಲ್ಲರೂ ಎರಡು ಬೀದಿಯುದ್ದಕ್ಕೆ ಸಾಲಾಗಿ ನಿಂತು ಕೊಡದಿಂದ ಕೊಡಕ್ಕೆ ಪಾನಕ ದಾಟಿಸಿದರು. ಮದುಮಗ, ಬಾಸಿಂಗ ಹಣೆಯ ಮೇಲೆ ವಾಲಿದ್ದರೂ, ಎರಡೂ ಕೈಯಲ್ಲಿ ಬಿಂದಿಗೆ ಹಿಡಿದು ಓಡಿ ಬಂದ. ಅತ್ತ ನಾನು ಟ್ಯಾಂಕಿನ ತಳದ ತಿರುಪು ಬಿಚ್ಚಿ ಹಸಿ ನೀರನ್ನು ಹೊರಗೆ ಬಿಟ್ಟೆ. ಹಸಿ ನೀರು ಜಾಸ್ತಿಯಿದ್ದರೆ ಪಾನಕವೂ ಹೆದರುತ್ತಿತ್ತು. ಬಿಟ್ಟದ್ದೇ ತಡ, ಅದು ಬೆಂಕಿಗೆ ಬೆನ್ನು ಹಾಕಿ, ದೇವಸ್ಥಾನದ ಕಡೆಗಿರುವ ಏರಿನ ಮೇಲೆ, ಮೇಲ್ಮುಖವಾಗಿಯೇ ಓಡಿ ಹೋಯಿತು. ನಗುವ ಹೊತ್ತಲ್ಲ ಅದು. ಆದರೂ ಯಾರೋ ನಕ್ಕರು.

ಐದು ಕೊಡದಷ್ಟು ಹಸಿ ನೀರು ಮಾತ್ರ ಉಳಿಸಿ, ಅದರ ಮೇಲೆ ಎರಡು ಕೊಪ್ಪರಿಗೆ ಪಾನಕ ಸುರಿದೆವು. ಒಟ್ಟು ಅರ್ಧ ಟ್ಯಾಂಕೂ ಆಗಲಿಲ್ಲ. ಮೇಲಿನಿಂದ ರೇವಕ್ಕನ ಕೆಮ್ಮು ಕೇಳುವುದು ನಿಂತಿತ್ತು. ನಾನು ಟ್ಯಾಂಕಿಗೆ ಕಿವಿ ಕೊಟ್ಟೆ. ಒಳಗೆ ನೀರು ಸುತ್ತುತ್ತಿತ್ತು, ಗೋಡೆಗೆ ಬಡಿಯುತ್ತಿತ್ತು, ಆಮೇಲೆ ನಿಧಾನವಾಯಿತು. ಮುಚ್ಚಳ ತೆಗೆದು ಕಡ್ಡಿ ಗೀರಿ ಹಿಡಿದೆ. ನೀರಿನ ಮೈ ಒಂದು ಸಲ ನಡುಗಿತು. ಹಿಂದೆ ಸರಿಯಲಿಲ್ಲ.

"ನಿಂತೈತೆ" ಎಂದೆ. "ಆದ್ರೆ ಕಮ್ಮಿ ಐತೆ. ಮುಗಿದ್ರೆ ಮುಗೀತು."

ಶಿವನಂಜ ಮೂತಿಯನ್ನು ಎತ್ತಿಕೊಂಡ. ನನ್ನ ಮುಖ ನೋಡಲಿಲ್ಲ. ಆದರೆ ಹೋದ. ಆ ಕ್ಷಣದ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸ್ವಲ್ಪ ಹೊತ್ತಿನ ಹಿಂದೆ ಅವನು ನನ್ನನ್ನು ನಂಬಿ ಒಳಗೆ ಹೋಗಿದ್ದು ದೊಡ್ಡ ಮಾತಲ್ಲ. ಈಗ ಹೋಗಿದ್ದು ದೊಡ್ಡ ಮಾತು.

ಹೊನ್ನಯ್ಯನವರು ಅವನ ಬೆನ್ನ ಹಿಂದೆಯೇ ಪೈಪು ಹೊತ್ತು ಬಗ್ಗಿ ನಡೆದರು. ಖಾದರ್ ಹೊಸ್ತಿಲಲ್ಲಿ ಕೂತು ಪೈಪಿನ ತಿರುವನ್ನು ತೊಡೆಯ ಮೇಲೆ ಎತ್ತಿ ಹಿಡಿದ. ಎರಡು ಜಗ್ಗು ಬಂತು. ತಿರುಪು ತೆಗೆದೆ. ಪೈಪು ಉಬ್ಬಿತು, ಹೊಸ್ತಿಲು ಮುಟ್ಟಿತು, ಅಲ್ಲಿ ಒಂದು ಉಸಿರು ತಡೆಯಿತು, ದಾಟಿತು.

ಒಳಗೆ ನಡೆದದ್ದು ನನಗೆ ಕಾಣಲಿಲ್ಲ. ಆದರೆ ಪೈಪಿನ ಮೇಲೆ ಅಂಗೈ ಇಟ್ಟರೆ ಸಾಕು, ಎಲ್ಲ ಗೊತ್ತಾಗುತ್ತದೆ. ಅವನು ನೀರನ್ನು ಚೆಲ್ಲುತ್ತಿರಲಿಲ್ಲ. ಮೂತಿಯನ್ನು ತೆಗೆದು ಮೂರು ಎಣಿಸುವಷ್ಟರಲ್ಲಿ ಮುಚ್ಚುತ್ತಿದ್ದ. ಮೊದಲು ಚಾವಣಿಗೆ ಒಂದು ಹೊಡೆತ. ಮೇಲಿನ ಕಾವು ಇಳಿಯದಿದ್ದರೆ ತಲೆಯ ಮೇಲೇ ಬೆಂಕಿ ಹರಿಯುತ್ತದೆ. ಆಮೇಲೆ ನೀರನ್ನು ಮೊರದ ಹಾಗೆ ಅಗಲ ಮಾಡಿ ಅದರ ಹಿಂದೆ ತಾವಿಬ್ಬರೂ ನಾಲ್ಕು ಹೆಜ್ಜೆ. ಆಮೇಲೆ ಉರಿಯ ಬುಡಕ್ಕೆ ನೇರ ಒಂದು ಹೊಡೆತ. ಮತ್ತೆ ಮುಚ್ಚು. ಅವನು ಮುಚ್ಚಿದಾಗಲೆಲ್ಲ ಪೈಪು ನನ್ನ ಕೈಯಡಿ ಕಲ್ಲಾಗುತ್ತಿತ್ತು, ನಾನು ಪಂಪು ತಗ್ಗಿಸುತ್ತಿದ್ದೆ. ತೆಗೆದಾಗ ಮೆತ್ತಗಾಗುತ್ತಿತ್ತು, ಏರಿಸುತ್ತಿದ್ದೆ. ಮೆತ್ತಗೆ, ಗಟ್ಟಿ, ಮೆತ್ತಗೆ, ಗಟ್ಟಿ. ಈ ಬಡಿತ ಇರುವವರೆಗೆ ನನ್ನ ಗಂಡ ಬದುಕಿದ್ದಾನೆ ಎಂದು ಹಲ್ಲು ಕಚ್ಚಿ ನಿಂತೆ. ನಮ್ಮೂರಿನ ದೇವರುಗಳನ್ನೆಲ್ಲ ಕರೆದೆ, ಹುಟ್ಟಿದೂರಿನ ದೇವರುಗಳನ್ನೂ ಕರೆದೆ.

ಟ್ಯಾಂಕು ಒಂದು ಗೇಣಿಗೆ ಇಳಿದಾಗ ಬಡಿತ ನಿಂತಿತು. ಪೈಪು ಗಟ್ಟಿಯಾಗಿಯೇ ಇತ್ತು, ಅಲುಗಾಡಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸಲು ಶುರು ಮಾಡಿದೆ. ಇಪ್ಪತ್ತಾಯಿತು. ಮೂವತ್ತಾಯಿತು. ಖಾದರ್ ಹೊಸ್ತಿಲಿನಿಂದ ಎದ್ದು ಒಳಗೆ ನುಗ್ಗಿದ. ನಲವತ್ತೊಂದಕ್ಕೆ ಪೈಪು ಒಂದೇ ಸಲ ಜಗ್ಗಿತು.

ತಿರುಪು ಮುಚ್ಚಿದೆ. ಲಾರಿಯ ಚಕ್ರಕ್ಕೆ ಒರಗಿ ಕೂತೆ.

ಖಾದರ್ ರೇವಕ್ಕನನ್ನು ಬೆನ್ನಿಗೆ ಹಾಕಿಕೊಂಡು ಹೊರಗೆ ಬಂದ. ಅವಳ ಮೈಗೆ ಕೆಂಪು-ಹಳದಿ ಶಾಮಿಯಾನದ ತುಂಡು ಸುತ್ತಿತ್ತು, ತಲೆಯಿಂದ ನೀರು ಸುರಿಯುತ್ತಿತ್ತು. ಹಿಂದೆ ಹೊನ್ನಯ್ಯನವರು, ಅವರ ಹಿಂದೆ ಶಿವನಂಜ, ಮಸಿ ಹಿಡಿದ ಹಂಡೆಯ ಹಾಗೆ. ರೇವಕ್ಕನನ್ನು ನೆರಳಲ್ಲಿ ಮಲಗಿಸಿ ಗಾಳಿ ಹಾಕಿದರು. ಅವಳು ಕಣ್ಣು ತೆರೆದಳು, ತುಟಿ ಚಪ್ಪರಿಸಿದಳು, ಇನ್ನೊಂದು ಸಲ ಚಪ್ಪರಿಸಿದಳು.

"ಯಾರೇ ಇದು ಪಾನಕ ಮಾಡಿದ್ದು?" ಎಂದಳು. "ಏಲಕ್ಕಿ ಕಮ್ಮಿ ಆಗೈತೆ."

ಸರ್ವಮಂಗಳಕ್ಕ ಅವಳ ಕಾಲಿನ ಹತ್ತಿರ ಕುಸಿದು ಕೂತು ಅಳುತ್ತಾ ನಗತೊಡಗಿದಳು. ಓಲಗದವನೊಬ್ಬ, ಯಾರೂ ಹೇಳದೆಯೇ, ಓಲಗ ಊದಿಬಿಟ್ಟ. ಮೆರವಣಿಗೆ ಆ ದಿನ ಪಾನಕವಿಲ್ಲದೆಯೇ ಹೊರಟಿತು, ರೇವಕ್ಕನನ್ನು ಮದುಮಕ್ಕಳ ಜೊತೆ ಕಾರಿನಲ್ಲಿ ಕೂರಿಸಿಕೊಂಡು.

ಗಂಗಣ್ಣನ ಶಾಮಿಯಾನ ಅರ್ಧ ಹೋಯಿತು, ಅರ್ಧ ಉಳಿಯಿತು. ಅಕ್ಕಪಕ್ಕದ ಮನೆಗಳಿಗೆ ಏನೂ ಆಗಲಿಲ್ಲ. ಪೈಪಿಗೆ ಮಾತ್ರ ಇರುವೆ ಮುತ್ತಿ, ಖಾದರ್ ಮೂರು ದಿನ ಬಿಸಿನೀರಿನಲ್ಲಿ ತೊಳೆಯುತ್ತಾ ನನ್ನ ಹೆಸರು ಹೇಳಿ ಹೇಳಿ ಬೈದ. ಸಾಯಂಕಾಲವೇ ನಾನು ಟ್ಯಾಂಕಿನ ಬೀಗದ ಕೈಯನ್ನು ಹೊನ್ನಯ್ಯನವರ ಮೇಜಿನ ಮೇಲಿಟ್ಟು, ಇನ್ನು ಮೇಲೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು.

"ಅವನು ಒಳಗೋಗ್ತಾ ಇದ್ದಾಗ ಒಂದು ಜಗ್ಗು ಕೊಟ್ಟೆಯಲ್ಲ, ಊರೆಲ್ಲ ನೋಡ್ತಿದ್ರೂ?" ಎಂದರು. "ಆ ಕೈಯೇ ಪಂಪಿನ ಹತ್ರ ಇರ್ಲಿ. ಆದ್ರೆ ನಲವತ್ತೆಂಟು ದಿನ ಠಾಣೆ ಬಿಟ್ಟು ಕದಲಬೇಡ. ಮದುವೆ, ಮುಂಜಿ, ಯಾವ್ದೂ ಇಲ್ಲ ನಿಂಗೆ. ಇನ್ನು ಮೇಲೆ ಪ್ರತಿದಿನ ಕಡ್ಡಿ ಗೀರಿ, ನಾಲ್ಕು ಜನಾನೂ ನೋಡಿದ ಮೇಲೆ ಟ್ಯಾಂಕು ಮುಚ್ಚೋದು."

ಟ್ಯಾಂಕಿನ ತಳದಲ್ಲಿ ಉಳಿದಿದ್ದ ಒಂದು ಗೇಣು ಪಾನಕಕ್ಕೆ ಐದು ಕೊಡ ಹೊಸ ನೀರು ಸೇರಿಸಿ, ಅವತ್ತೇ ಊದುಬತ್ತಿ ಹಚ್ಚಿದೆ.

ಶಿವನಂಜ ಮಾತ್ರ ಮಾತಾಡಲಿಲ್ಲ. ಸುಟ್ಟ ಹುಬ್ಬಿಗೆ ಬೆಣ್ಣೆ ಹಚ್ಚಲು ಹೋದರೆ ಬೆಣ್ಣೆಯನ್ನು ತಾನೇ ಇಸಿದುಕೊಂಡು ಹಚ್ಚಿಕೊಂಡ. ಊಟಕ್ಕೆ ಕೂತಾಗ ಎದ್ದು ಹೋಗಿ ತಾನೇ ನೀರು ಬಗ್ಗಿಸಿಕೊಂಡು ಬಂದ. ಕೈಯಿಲ್ಲವಾ ನಿಂಗೆ ಎಂದು ಎಷ್ಟು ಸಲ ಗೊಣಗಿದ್ದೆ, ಈಗ ಆ ಚೊಂಬನ್ನು ನೋಡಿದರೆ ಅಳು ಬರುತ್ತಿತ್ತು. ಹೀಗೆ ಒಂಬತ್ತು ದಿನ.

ಹತ್ತನೆಯ ದಿನ ಸಂಜೆ ನಾನು ಟ್ಯಾಂಕಿಗೆ ಮೊದಲ ಸಲ ಎಣ್ಣೆ ದೀಪ ತೋರಿಸಿದೆ. ನಾಲ್ವರೂ ಬಗ್ಗಿ ನೋಡಿದೆವು. ನೀರು ಅಂಚಿನ ಕಡೆಗೆ ಸರಿಯಿತು, ಆಮೇಲೆ ನಿಧಾನವಾಗಿ ದೀಪದ ಕೆಳಗೆ ವಾಪಸ್ಸು ಬಂತು. ಶಿವನಂಜ ಅದನ್ನು ತುಂಬಾ ಹೊತ್ತು ನೋಡುತ್ತಾ ನಿಂತಿದ್ದ.

ಆ ದಿನ ರಾಗಿ ಮುದ್ದೆ, ಸೊಪ್ಪಿನ ಸಾರು. ಸಾರು ಗಟ್ಟಿಯಾಗಿತ್ತು. ನಾನು ಅವನಿಗೆ ಬಡಿಸಿ, ಬೆನ್ನು ತಿರುಗಿಸಿ ಒಲೆಯ ಕಡೆ ಹೊರಟಿದ್ದೆ. ಹಿಂದಿನಿಂದ ಸೆರಗು ಬಿಗಿಯಾಯಿತು. ಬಾಗಿಲಿನ ಮೊಳೆಗೆ ಸಿಕ್ಕಿಕೊಂಡಿತೇನೋ ಎಂದುಕೊಂಡೆ. ಮತ್ತೊಮ್ಮೆ ಬಿಗಿಯಾಯಿತು.

ಎರಡು ಜಗ್ಗು.

ನಾನು ಗೊಣಗಲಿಲ್ಲ. ಓಡಿ ಹೋಗಿ ನೀರು ತಂದೆ.